ಲೇಖನಿಯ ದಿಂಡು: ಮನೆಯಲ್ಲಿ ರಾಳದ ಎರಕ
(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ಕೈಕಸಬು ಗೋಷ್ಠಿಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವವೆಂದರೆ ಸಾಹಿತ್ಯ, ಸಂಗೀತ, ಯಕ್ಷಗಾನಗಳೆಂಬುದು ರೂಢಿ. ಅವುಗಳ ನಡುವೆ ಕೈಕಸಬಿಗೂ ಒಂದು ಹೊತ್ತನ್ನು ಮೀಸಲಿಟ್ಟ ಕಾರ್ಯಕಾರಿ ಸಮಿತಿಯವರಿಗೆ ಮೊದಲು ನನ್ನ ಕೃತಜ್ಞತೆಗಳು. ನಾನು ಇಂದು ಆರಿಸಿಕೊಂಡ ವಿಷಯವು ಚಿಕ್ಕದು: ಲೇಖನಿಯ ಒಡಲಿಗೆ ಬೇಕಾದ ರಾಳದ ದಿಂಡನ್ನು ಹೊಸಬನಾದವನು ತನ್ನ ಮನೆಯಲ್ಲಿ ಎರಕ ಹೊಯ್ದುಕೊಳ್ಳುವುದು ಹೇಗೆ ಎಂಬುದು. ವಿಷಯವು ಚಿಕ್ಕದಾದರೂ ಅದರಲ್ಲಿ ಅಳತೆಯುಂಟು, ಕಾಯುವಿಕೆಯುಂಟು, ಸ್ವಲ್ಪ ಅಪಾಯವೂ ಉಂಟು. ಅಪಾಯವಿರುವ ಕೆಲಸವನ್ನು ಮನೆಮಂದಿಗೆ ತಿಳಿಯುವ ಭಾಷೆಯಲ್ಲಿಯೇ ಹೇಳಬೇಕು ಎಂಬುದು ನನ್ನ ಮಾತಿನ ತಿರುಳು.

1956ನೆಯ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿತು. ಆ ಬಳಿಕವೂ ಕನ್ನಡವು ನಮ್ಮ ಮನೆಗಳಲ್ಲಿ ಉಳಿದುಬಂದಿದೆ. ಓದಿನಿಂದ, ಹಾಡಿನಿಂದ, ತಾಳಮದ್ದಳೆಯಿಂದ ಉಳಿದುಬಂದಿದೆ. ಆದರೆ ಅಂಗಡಿಯಿಂದ ತಂದ ಸೀಸೆಯ ಮೇಲಿನ ಚೀಟಿಯಲ್ಲಿ ಕನ್ನಡವಿಲ್ಲ. ಕೆಲಸ ಮಾಡುವ ಹುಡುಗನು ಇಂಗ್ಲಿಷನ್ನು ಓದಿಯಾನು. ಅದೇ ಜಗಲಿಯಲ್ಲಿ ಅಡಕೆ ಸುಲಿಯುತ್ತಿರುವ ಅಜ್ಜಿಗೂ, ಮೂರನೆಯ ತರಗತಿಯ ತಂಗಿಗೂ ಆ ಚೀಟಿಯು ಮೂಕವಾಗಿರುತ್ತದೆ. ಆದುದರಿಂದಲೇ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಮೊದಲು ದಿಂಡು ಎಂದರೇನೆಂದು ನೋಡೋಣ. ನಮ್ಮ ಹಿರಿಯರು ತಾಳೆಯೋಲೆಯ ಮೇಲೆ ಕಂಠದಿಂದ ಕೊರೆದರು. ಕಾಗದದ ಮೇಲೆ ಲೆಕ್ಕಣಿಕೆಯಿಂದ ಬರೆದರು. ಮಸಿಯನ್ನು ತನ್ನೊಳಗೆ ಇಟ್ಟುಕೊಳ್ಳುವ ಪೆನ್ನು ಬಂದಾಗ ಅದರ ಒಡಲಿಗೆ ಎಬೊನೈಟ್ ಎಂಬ ಗಟ್ಟಿ ರಬ್ಬರನ್ನು ಬಳಸಿದರು. ಆಂಧ್ರದ ರಾಜಮಹೇಂದ್ರಿಯಲ್ಲಿ 1930ರ ದಶಕದಲ್ಲಿ ಮೊದಲಾದ ರತ್ನಂ ಪೆನ್ನುಗಳು ಎಬೊನೈಟ್ ಸರಳನ್ನು ಲೇತಿನ ಮೇಲೆ ಕಡೆದು ಮಾಡಿದವುಗಳೆಂದು ಹೆಸರಾದವು. ಹೀಗೆ ಕಡೆಯುವುದಕ್ಕೆ ಮುಂಚಿನ ಒರಟು ತುಂಡಿಗೆ ಕಸಬುದಾರರು ‘ಬ್ಲ್ಯಾಂಕ್’ ಎನ್ನುತ್ತಾರೆ. ನಾನು ಅದನ್ನು ದಿಂಡು ಎಂದು ಕರೆಯುತ್ತೇನೆ. ಸಾಮಾನ್ಯವಾಗಿ ಅದು ಸುಮಾರು 130 ಮಿಲಿಮೀಟರು ಉದ್ದ, 20 ಮಿಲಿಮೀಟರು ಅಗಲ, ಅಷ್ಟೇ ಎತ್ತರ. ಮರದ ದಿಂಡನ್ನು ಗರಗಸದಿಂದ ಕೊಯ್ದುಕೊಳ್ಳಬಹುದು. ರಾಳದ ದಿಂಡನ್ನು ಎರಕ ಹೊಯ್ಯಬೇಕು.

ರಾಳ, ಅಥವಾ ಅಂಗಡಿಯಲ್ಲಿ ಕೇಳುವ ಹೆಸರಿನಂತೆ ರೆಸಿನ್, ನಮಗೆ ಹೊಸದಲ್ಲ. ಚನ್ನಪಟ್ಟಣದ ಗೊಂಬೆಗಳ ಮೇಲೆ ಕುಶಲಕರ್ಮಿಗಳು ಏರಿಸುವ ಅರಗೂ ಒಂದು ರಾಳವೇ. ತಿರುಗುವ ಮರದ ಮೇಲೆ ಒತ್ತಿದಾಗ ಉಜ್ಜುವಿಕೆಯ ಬಿಸಿಗೆ ಅದು ಕರಗಿ ಅಂಟಿಕೊಳ್ಳುತ್ತದೆ. ಅದು ಕೀಟಜನ್ಯವಾದ ರಾಳ. ಮನುಷ್ಯನೇ ಪೂರ್ಣವಾಗಿ ತಯಾರಿಸಿದ ಮೊದಲ ಗಟ್ಟಿ ರಾಳವು 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಬೇಕಲೈಟು. ಎಪಾಕ್ಸಿ ರಾಳವು 1930ರ ಮತ್ತು 1940ರ ದಶಕಗಳಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಮತ್ತು ಅಮೆರಿಕದ ಸಿಲ್ವನ್ ಗ್ರೀನ್‌ಲೀ ಎಂಬವರ ಕೆಲಸದಿಂದ ಬಳಕೆಗೆ ಬಂತು. ಮನೆಗಳಲ್ಲಿ ಒಡೆದುದನ್ನು ಅಂಟಿಸುವ ಆರಾಲ್ಡೈಟ್ ಎಂಬ ಎರಡು ಕೊಳವೆಗಳ ಅಂಟು ಈ ಎಪಾಕ್ಸಿ ಕುಲಕ್ಕೆ ಸೇರಿದುದೇ.

ಎರಕಕ್ಕೆ ಮೂರು ಬಗೆಯ ರಾಳಗಳು ಸಿಗುತ್ತವೆ. ಹೊಸಬನು ಯಾವುದನ್ನು ಆರಿಸಬೇಕು?

ಒಂದನೆಯದು ಪಾಲಿಯೆಸ್ಟರ್. ಫೈಬರ್‌ಗ್ಲಾಸ್ ಕೆಲಸದವರು ಬಳಸುವುದು ಇದನ್ನೇ. ಬೆಲೆ ಕಡಿಮೆ, ಮೆರುಗು ಚೆನ್ನ. ಆದರೆ ಇದರಲ್ಲಿರುವ ಸ್ಟೈರೀನ್ ಎಂಬ ವಸ್ತುವಿನ ವಾಸನೆಯು ಮನೆಯನ್ನೆಲ್ಲ ತುಂಬುತ್ತದೆ. ಅದರ ಆವಿಗೆ ಸುಲಭವಾಗಿ ಬೆಂಕಿ ಹತ್ತುತ್ತದೆ. ಗಟ್ಟಿಯಾದ ಮೇಲೆ ಬಹಳ ಪೆಡಸು, ಕಡೆಯುವಾಗ ಚಕ್ಕೆಯೇಳುತ್ತದೆ. ಇದರೊಡನೆ ಅಂಗಡಿಯಲ್ಲಿ ಎರಡು ಚಿಕ್ಕ ಸೀಸೆಗಳನ್ನು ಕೊಡುವುದುಂಟು: ನೇರಿಳೆ ಬಣ್ಣದ ಕೋಬಾಲ್ಟ್ ದ್ರವ ಒಂದು, ನೀರಿನಂತೆ ತಿಳಿಯಾದ ಪೆರಾಕ್ಸೈಡ್ ದ್ರವ ಇನ್ನೊಂದು. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಎಂದೆಂದಿಗೂ ಬೆರೆಸಕೂಡದು. ಬೆರೆಸಿದರೆ ಬೆಂಕಿಯೋ ಸ್ಫೋಟವೋ ಆಗಬಹುದು. ಪೆರಾಕ್ಸೈಡಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಹಾನಿ.

ಎರಡನೆಯದು ಪಾಲಿಯುರೆಥೇನ್. ಬಹು ಬೇಗ, ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಕಡೆಯಲು ಸೊಗಸು. ಆದರೆ ಇದರ ಒಂದು ಭಾಗದಲ್ಲಿರುವ ಐಸೊಸಯನೇಟ್ ಎಂಬ ವಸ್ತುವು ಉಸಿರಾಟದ ಉಬ್ಬಸವನ್ನು ತರಬಲ್ಲುದು. ಮೇಲಾಗಿ ಇದಕ್ಕೆ ನೀರಿನ ಪಸೆ ಆಗದು. ಪಸೆ ತಾಗಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ದಿಂಡೆಲ್ಲ ಬ್ರೆಡ್ಡಿನಂತೆ ಉಬ್ಬಿ ರಂಧ್ರಮಯವಾಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಸೀಮೆಗೆ, ಅದರಲ್ಲೂ ಆಟಿ ತಿಂಗಳಿಗೆ, ಇದು ಹೊಂದುವ ವಸ್ತುವಲ್ಲ.

ಮೂರನೆಯದು ಎಪಾಕ್ಸಿ. ವಾಸನೆ ಕಡಿಮೆ, ನಿಧಾನವಾಗಿ ಗಟ್ಟಿಯಾಗುವುದರಿಂದ ಹೊಸಬನ ಕೈಗೆ ಸಾವಕಾಶವಿರುತ್ತದೆ, ಕುಗ್ಗುವಿಕೆಯೂ ಅಲ್ಪ. ಆದುದರಿಂದ ಹೊಸಬನು ಎಪಾಕ್ಸಿಯನ್ನೇ ಆರಿಸುವುದು ಲೇಸು. ಅದರಲ್ಲಿಯೂ ಮೇಲ್ಮೈಗೆ ತೆಳುವಾಗಿ ಬಳಿಯುವುದು ಬೇರೆ, ದಪ್ಪವಾಗಿ ಎರೆಯುವುದು ಬೇರೆ. ಎರಡನೆಯದನ್ನೇ ಕೇಳಿ ತರಬೇಕು. ಐದು ನಿಮಿಷದಲ್ಲಿ ಹಿಡಿಯುವ ಅಂಟು ಎರಕಕ್ಕೆ ಸಲ್ಲದು. ಆದರೆ ವಾಸನೆ ಕಡಿಮೆಯೆಂದ ಮಾತ್ರಕ್ಕೆ ಎಪಾಕ್ಸಿಯು ನಿರಪಾಯವೆಂದು ಭಾವಿಸಬಾರದು. ಹಸಿಯಾದ ಎಪಾಕ್ಸಿಯೂ ಅದರ ಗಟ್ಟಿಕಾರಕವೂ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ತುರಿಕೆಯ ಒಗ್ಗದಿಕೆ ಹುಟ್ಟಬಹುದು. ಒಮ್ಮೆ ಹುಟ್ಟಿದರೆ ಅದು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಆಮೇಲೆ ಆ ಕೆಲಸದ ಹತ್ತಿರ ಸುಳಿಯುವುದೂ ಕಷ್ಟ.

ಆದುದರಿಂದ ಎರಕಕ್ಕಿಂತ ಮೊದಲು ಕಾಪಿನ ಮಾತು. ನೈಟ್ರೈಲ್ ಕೈಚೀಲ, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಹಳೆಯ ಅಂಗಿ ಇವು ಬೇಕೇ ಬೇಕು. ಧೂಳಿನ ಮುಖವಾಡವು ಧೂಳನ್ನಷ್ಟೇ ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಆವಿಗೆ ಬೇರೆ ಡಬ್ಬಿಯುಳ್ಳ ಮುಖವಾಡವಿದೆ. ಕೈಗೆ ರಾಳ ತಾಗಿದರೆ ಥಿನ್ನರಿನಿಂದ ತೊಳೆಯಬೇಡಿ. ಅದು ರಾಳವನ್ನು ಕರಗಿಸಿ ಚರ್ಮದೊಳಕ್ಕೆ ಇಳಿಸುತ್ತದೆ. ಬಟ್ಟೆಯಿಂದ ಒರೆಸಿ ಸಾಬೂನು ನೀರಿನಲ್ಲಿ ತೊಳೆಯಿರಿ. ಕೆಲಸದ ಜಾಗವು ಗಾಳಿಯಾಡುವ ಚಾವಡಿಯ ಮೂಲೆಯೋ ಕೊಟ್ಟಿಗೆಯ ಪಕ್ಕದ ಮಾಡೋ ಆಗಿರಲಿ, ಅಡುಗೆಮನೆ ಬೇಡ. ಒಮ್ಮೆ ರಾಳಕ್ಕೆ ಬಳಸಿದ ಲೋಟ, ಚಮಚ, ತಕ್ಕಡಿಗಳು ಮತ್ತೆ ಅಡುಗೆಮನೆಯ ಹೊಸ್ತಿಲನ್ನು ತುಳಿಯಬಾರದು.

ಇನ್ನೊಂದು ಕಾಪು ಕಾಸಿನ ಖರ್ಚಿಲ್ಲದುದು. ಸೀಸೆಗಳು ಮನೆಗೆ ಬಂದ ದಿನವೇ ದಪ್ಪಕ್ಷರದ ಕನ್ನಡ ಚೀಟಿಯನ್ನು ಅಂಟಿಸಿರಿ. “ರಾಳ. ಮುಟ್ಟಬಾರದು. ಮೈಗೆ ತಾಗಿದರೆ ಸಾಬೂನಿನಿಂದ ತೊಳೆಯಿರಿ.” “ಗಟ್ಟಿಕಾರಕ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹೊಯ್ದುಕೊಂಡು ವೈದ್ಯರ ಬಳಿಗೆ ಹೋಗಿ.” ತುಳುವಾಡುವವರೂ, ಕೊಂಕಣಿಯಾಡುವವರೂ, ಮರಾಟಿಯಾಡುವವರೂ ಓದಲು ಕಲಿತದ್ದು ಕನ್ನಡದಲ್ಲಿಯೇ ಆದ ಮನೆಗಳು ನಮ್ಮಲ್ಲಿ ಬಹಳ. ಈ ಎರಡು ಸಾಲುಗಳು ಅಲ್ಲಿ ವೈದ್ಯರಿಗಿಂತ ಮುಂಚೆ ಬರುವ ವೈದ್ಯರು.

ಈಗ ಅಳತೆಗೆ ಬರೋಣ. ಅಡುಗೆಯಲ್ಲಿ ಕಣ್ಣಳತೆ ನಡೆದೀತು, ಎಪಾಕ್ಸಿಯಲ್ಲಿ ನಡೆಯದು. ಕಾರಣವನ್ನು ತಿಳಿದರೆ ನಿಯಮವು ತಾನೇ ನೆನಪಿನಲ್ಲಿ ನಿಲ್ಲುತ್ತದೆ. ಪಾಲಿಯೆಸ್ಟರಿಗೆ ಹಾಕುವ ಪೆರಾಕ್ಸೈಡ್ ನೂರಕ್ಕೆ ಒಂದೆರಡು ಭಾಗ ಮಾತ್ರ. ಅದು ಒಲೆಗೆ ತಾಗಿಸಿದ ಕಿಡಿಯಂತೆ. ಎಪಾಕ್ಸಿಯಲ್ಲಿ ಗಟ್ಟಿಕಾರಕವು ಕಿಡಿಯಲ್ಲ, ಅದು ಜೋಡಿ. ರಾಳದ ಒಂದೊಂದು ಕೊಂಡಿಗೂ ಗಟ್ಟಿಕಾರಕದ ಒಂದೊಂದು ಕೊಂಡಿ ಸೇರಬೇಕು. ಬೇಗ ಗಟ್ಟಿಯಾಗಲೆಂದು ಹೆಚ್ಚು ಸುರಿದರೆ ಜೋಡಿ ಸಿಗದ ಭಾಗವು ಹಾಗೆಯೇ ಉಳಿದು ದಿಂಡು ಎಂದೆಂದಿಗೂ ಅಂಟಂಟಾಗಿರುತ್ತದೆ. ಕಡಿಮೆ ಸುರಿದರೂ ಫಲ ಅದೇ.

ಒಂದು ಲೆಕ್ಕವನ್ನು ಮಾಡಿ ತೋರಿಸುತ್ತೇನೆ. ಅಚ್ಚಿನ ಉದ್ದ 13 ಸೆಂಟಿಮೀಟರು, ಅಗಲ 2, ಎತ್ತರ 2. ಗುಣಿಸಿದರೆ 52 ಘನ ಸೆಂಟಿಮೀಟರು, ಎಂದರೆ 52 ಮಿಲಿಲೀಟರು. ಲೋಟಕ್ಕೆ ಅಂಟಿ ಉಳಿಯುವುದಕ್ಕೆಂದು 5 ಸೇರಿಸಿದರೆ 57. ತಯಾರಕನು ಗಾತ್ರದಿಂದ ಎರಡಕ್ಕೆ ಒಂದು ಎಂದು ಹೇಳಿದ್ದರೆ ರಾಳ 38, ಗಟ್ಟಿಕಾರಕ 19 ಮಿಲಿಲೀಟರು. ಆತನು ತೂಕದ ಪ್ರಮಾಣವನ್ನು ಕೊಟ್ಟಿದ್ದರೆ ತೂಗಿಯೇ ಬೆರೆಸಬೇಕು. ಎರಡು ದ್ರವಗಳ ಸಾಂದ್ರತೆಯು ಬೇರೆ ಬೇರೆಯಾದುದರಿಂದ ಗಾತ್ರದ ಪ್ರಮಾಣವನ್ನು ತೂಕಕ್ಕೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಗ್ರಾಮಿನ ಹತ್ತನೆಯ ಒಂದಂಶವನ್ನು ತೋರಿಸುವ ಚಿಕ್ಕ ತಕ್ಕಡಿಯೊಂದಿದ್ದರೆ ಒಳಿತು. ಏಳನೆಯ ತರಗತಿಯ ಮಕ್ಕಳಿಗೆ ಗಾತ್ರ, ಪ್ರಮಾಣ, ಸಾಂದ್ರತೆ ಎಂಬ ಮೂರು ಪಾಠಗಳು ಒಂದೇ ಲೋಟದಲ್ಲಿ ಕಣ್ಣಿಗೆ ಕಾಣುತ್ತವೆ.

ಅಚ್ಚಿನ ವಿಷಯ. ಸಿಲಿಕೋನ್ ಅಚ್ಚುಗಳು ಸಿದ್ಧವಾಗಿ ಸಿಗುತ್ತವೆ. ಅವಿಲ್ಲದಿದ್ದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಡಬ್ಬಿಯೂ ಆದೀತು. ಎಪಾಕ್ಸಿಯು ಅದಕ್ಕೆ ಅಂಟುವುದಿಲ್ಲ. ಡಬ್ಬಿಯ ಅಡಿಯಲ್ಲಿ ಮೂರು ಬಾಣಗಳ ತ್ರಿಕೋನದೊಳಗೆ 5 ಎಂಬ ಅಂಕೆಯಿದ್ದರೆ ಅದು ಪಾಲಿಪ್ರೊಪಿಲೀನ್ ಎಂದರ್ಥ. ಅಚ್ಚನ್ನು ಇಡುವ ಹಲಗೆಯು ಸಮತಟ್ಟಾಗಿರಬೇಕು. ಒಂದು ಮಗ್ಗುಲಿಗೆ ವಾಲಿದ್ದರೆ ದಿಂಡೂ ವಾಲುತ್ತದೆ.

ರಾಳದೊಳಗೆ ಏನನ್ನು ಸೇರಿಸಬಹುದು? ಅಭ್ರಕದ ಪುಡಿ ಸೇರಿಸಿದರೆ ಮುತ್ತಿನ ಚಿಪ್ಪಿನಂತಹ ಹೊಳಪು ಬರುತ್ತದೆ. 50 ಗ್ರಾಮು ರಾಳಕ್ಕೆ ಅರ್ಧ ಗ್ರಾಮು ಸಾಕು. ನೀರಿನಲ್ಲಿ ಕಲಸಿದ ಬಣ್ಣವು ಕೂಡದು. ಇನ್ನು ನಮ್ಮ ಹಿತ್ತಿಲಿನಲ್ಲಿಯೇ ಸಂಪತ್ತು ಬಿದ್ದಿದೆ: ತೆಂಗಿನ ಗೆರಟೆಯ ಚೂರು, ಹಲಸಿನ ಮರದ ಹಳದಿ ತುಂಡು, ಬಡಗಿಯ ಕೊಟ್ಟಿಗೆಯಲ್ಲಿ ಉಳಿದ ತೇಗ ಬೀಟೆಗಳ ಕೊಯ್ಲು. ಇವುಗಳನ್ನು ಅಚ್ಚಿನಲ್ಲಿಟ್ಟು ಸುತ್ತ ರಾಳವನ್ನು ಎರೆದರೆ ಅರ್ಧ ಮರ, ಅರ್ಧ ಗಾಜು ಎಂಬಂತಹ ದಿಂಡು ದೊರೆಯುತ್ತದೆ. ಆದರೆ ತುಂಡುಗಳು ಪೂರ್ಣ ಒಣಗಿರಬೇಕು. ಮುಟ್ಟಿ ನೋಡಿ ಒಣಗಿದೆ ಎನ್ನುವುದು ಸಾಲದು. ದಿನಕ್ಕೊಮ್ಮೆ ತೂಗಬೇಕು, ತೂಕವು ಇಳಿಯುವುದು ನಿಂತಾಗ ಒಣಗಿತೆಂದು ತಿಳಿಯಬೇಕು. ಮರದ ರಂಧ್ರಗಳಲ್ಲಿರುವ ಗಾಳಿಯು ಗುಳ್ಳೆಗಳಾಗಿ ಹೊರಬರುವುದರಿಂದ ಮುನ್ನಾದಿನ ತೆಳ್ಳಗೆ ರಾಳವನ್ನು ಬಳಿದು ಮುಚ್ಚಬೇಕು. ಹಗುರ ಮರವು ರಾಳದಲ್ಲಿ ತೇಲುತ್ತದೆ. ಅಚ್ಚಿನ ತಳಕ್ಕೆ ಒಂದು ಹನಿ ಅಂಟಿನಿಂದ ಹಿಡಿಸಿಡಬೇಕು.

ಇನ್ನು ಬೆರೆಸುವುದು. ನಾಲ್ಕು ನಿಮಿಷ, ನಿಧಾನವಾಗಿ, ನೊರೆಯೇಳದಂತೆ ಕಲಕಿರಿ. ಲೋಟದ ಬದಿಯನ್ನೂ ತಳವನ್ನೂ ಕೆರೆಯುತ್ತಿರಿ. ಬೆರೆಯದ ರಾಳವು ಅಡಗಿ ಕುಳಿತಿರುವುದು ಅಲ್ಲಿಯೇ. ತರುವಾಯ ಎರಡನೆಯ ಲೋಟಕ್ಕೆ ಬಗ್ಗಿಸಿ ಇನ್ನೊಮ್ಮೆ ಕಲಕಿರಿ. ಅಚ್ಚಿನ ಒಂದು ಮೂಲೆಯಿಂದ ನೂಲಿನಂತೆ ಸಪೂರವಾಗಿ ಎರೆಯಿರಿ.

ಬೆಲ್ಲದ ಪಾಕಕ್ಕೆ ಒಂದೆಳೆ, ಎರಡೆಳೆ ಎಂಬ ಹದಗಳಿವೆಯಷ್ಟೆ. ರಾಳಕ್ಕೂ ಹದವುಂಟು. ಎರಡು ಬಣ್ಣಗಳು ಸುಳಿಸುಳಿಯಾಗಿ ಬೇರೆ ಬೇರೆಯಾಗಿ ಕಾಣಬೇಕಾದರೆ ತೆಳ್ಳಗಿರುವಾಗ ಎರೆಯಬಾರದು. ಒಂದರೊಳಗೊಂದು ಕರಗಿ ಕೆಸರಿನ ಬಣ್ಣವಾಗುತ್ತದೆ. ಜೇನಿನಷ್ಟು ಮಂದವಾದಾಗ ಎರೆಯಬೇಕು. ಅದಕ್ಕೂ ಮೀರಿ ಮಂದವಾದರೆ ಗುಳ್ಳೆಗಳು ಸೆರೆಯಾಗುತ್ತವೆ. ಈ ಹದವನ್ನು ಪಾಕ ಮಾಡಿ ಬಲ್ಲ ತಾಯಂದಿರು ನಮಗಿಂತ ಬೇಗ ಗುರುತಿಸಿಯಾರು.

ಬಿಸಿಯ ವಿಷಯವನ್ನು ಬಿಡುವಂತಿಲ್ಲ. ಗಟ್ಟಿಯಾಗುವಾಗ ರಾಳವು ತಾನೇ ಬಿಸಿಯನ್ನು ಹೊರಸೂಸುತ್ತದೆ. ಅಚ್ಚಿನಲ್ಲಿ ಉದ್ದಕ್ಕೆ ಹರಡಿದ್ದರೆ ಬಿಸಿಯು ಹೊರಹೋಗುತ್ತದೆ. ಲೋಟದಲ್ಲಿ ರಾಶಿಯಾಗಿದ್ದರೆ ಒಳಗೇ ಸೇರಿ ಹೊಗೆಯೇಳುವಷ್ಟು ಕಾಯುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಕ್ರಿಯೆಯು ಸುಮಾರು ಇಮ್ಮಡಿ ವೇಗವಾಗುತ್ತದೆಂಬುದು ಸ್ಥೂಲ ನಿಯಮ. ಎಂದರೆ 22 ಡಿಗ್ರಿಯಲ್ಲಿ 40 ನಿಮಿಷ ಕೆಲಸ ಮಾಡಬಹುದೆಂದು ಚೀಟಿಯಲ್ಲಿದ್ದರೆ, ನಮ್ಮ ಏಪ್ರಿಲಿನ 32 ಡಿಗ್ರಿಯಲ್ಲಿ 20 ನಿಮಿಷಗಳೇ ಸಿಗುತ್ತವೆ. ಆದುದರಿಂದ ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಉಳಿದ ರಾಳವನ್ನು ಲೋಟದಲ್ಲಿ ಬಿಡದೆ ಹಳೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ ಗಟ್ಟಿಯಾದ ಮೇಲೆ ಎಸೆಯಬೇಕು. ತೋಡಿಗೂ ಬಾವಿಕಟ್ಟೆಗೂ ಚೆಲ್ಲಬಾರದು. ಮಳೆಗಾಲದಲ್ಲಿ ಎಪಾಕ್ಸಿಯ ಮೇಲ್ಮೈಯಲ್ಲಿ ಮೇಣದಂತಹ ಮಬ್ಬು ಪೊರೆ ಕಟ್ಟುವುದುಂಟು. ಸಾಬೂನು ನೀರಿನಿಂದ ತೊಳೆದರೆ ಹೋಗುತ್ತದೆ. ಒಟ್ಟಿನಲ್ಲಿ ಹೊಸಬನು ಈ ಕೆಲಸವನ್ನು ಮೊದಲುಮಾಡಲು ಚಳಿಗಾಲದ ಒಣ ದಿನಗಳು ಪ್ರಶಸ್ತ.

ಗುಳ್ಳೆಗಳನ್ನು ಹೋಗಲಾಡಿಸಲು ಅನುಭವಿಗಳು ಒತ್ತಡದ ಪಾತ್ರೆಯನ್ನು ಬಳಸುತ್ತಾರೆ. ಒತ್ತಡ ಹೆಚ್ಚಿದಂತೆ ಅನಿಲದ ಗಾತ್ರವು ಕುಗ್ಗುತ್ತದೆಂದು ರಾಬರ್ಟ್ ಬಾಯ್ಲ್ 1662ರಲ್ಲಿ ತೋರಿಸಿಕೊಟ್ಟನು. ವಾಯುಮಂಡಲದ ಒತ್ತಡವು ಚದರ ಅಂಗುಲಕ್ಕೆ ಸುಮಾರು 15 ಪೌಂಡು. ಅದರ ಮೇಲೆ 45 ಪೌಂಡು ಏರಿಸಿದರೆ ಒಟ್ಟು 60, ಎಂದರೆ ನಾಲ್ಮಡಿ. ಗುಳ್ಳೆಯ ಗಾತ್ರವು ಕಾಲುಭಾಗಕ್ಕೆ ಇಳಿಯುತ್ತದೆ. ಆ ಒತ್ತಡದಲ್ಲಿಯೇ ರಾಳವು ಗಟ್ಟಿಯಾದರೆ ಗುಳ್ಳೆಗಳು ಕಣ್ಣಿಗೆ ಕಾಣುವುದಿಲ್ಲ. ಇದನ್ನು ಕೇಳಿ ಉತ್ಸಾಹದಿಂದ ಅಡುಗೆಯ ಕುಕ್ಕರಿಗೆ ಸೈಕಲ್ ಪಂಪನ್ನು ಜೋಡಿಸಲು ಯಾರೂ ಹೋಗಬಾರದು. ಕುಕ್ಕರನ್ನು ಮಾಡಿರುವುದು ಸುಮಾರು 15 ಪೌಂಡಿನ ಹಬೆಗೆ. 45 ಪೌಂಡಿಗೆ ಅದು ಬಾಂಬಿನಂತೆ ಸಿಡಿಯಬಹುದು. ಹೊಸಬನಿಗೆ ಒತ್ತಡದ ಪಾತ್ರೆಯೇ ಬೇಡ. ನಿಧಾನದ ರಾಳ, ನಿಧಾನದ ಕಲಕುವಿಕೆ, ಸಪೂರ ಧಾರೆ ಇವಿದ್ದರೆ ಹೆಚ್ಚಿನ ಗುಳ್ಳೆಗಳು ತಾವಾಗಿಯೇ ಮೇಲೇರಿ ಒಡೆಯುತ್ತವೆ.

ಎರೆದ ಮೇಲೆ ಕಾಯಬೇಕು. ಧೂಳು ಬೀಳದಂತೆ ಮುಚ್ಚಿ ಎರಡು ದಿನ ಬಿಡಿ. ಉಗುರಿನಿಂದ ಒತ್ತಿದರೆ ಗುರುತು ಬೀಳದಿದ್ದಾಗ ಅಚ್ಚಿನಿಂದ ಬಿಡಿಸಿ. ಆದರೂ ಅದು ಪೂರ್ಣ ಬಲಕ್ಕೆ ಬರಲು ಸುಮಾರು ಒಂದು ವಾರ ಬೇಕು. ಮೂರನೆಯ ದಿನವೇ ಲೇತಿಗೆ ಏರಿಸಿದರೆ ಉಳಿಗೆ ಮೇಣದಂತೆ ಅಂಟುತ್ತದೆ. ಹಸಿ ರಾಳದ ಧೂಳು ಉಸಿರಿಗೂ ಹೆಚ್ಚು ಕೆಡುಕು.

ತರುವಾಯ ದಿಂಡಿನ ನಡುವೆ ತೂತು ಕೊರೆದು, ಪೆನ್ನಿನ ಬಿಡಿಭಾಗಗಳೊಡನೆ ಬರುವ ಹಿತ್ತಾಳೆಯ ಕೊಳವೆಯನ್ನು ಎಪಾಕ್ಸಿ ಅಂಟಿನಿಂದ ಕೂರಿಸಬೇಕು. ಸಪೂರ ಬಗೆಯ ಬಾಲ್‌ಪೆನ್ನಿಗೆ 7 ಮಿಲಿಮೀಟರಿನ ತೂತು ಸಾಮಾನ್ಯ. ಬೈರಿಗೆಯು ಹರಿತವಾಗಿರಲಿ, ತಿರುಗುವಿಕೆ ನಿಧಾನವಾಗಿರಲಿ. ಆಗಾಗ ಹೊರತೆಗೆದು ಹುಡಿಯನ್ನು ಕೊಡವಿರಿ, ಇಲ್ಲವಾದರೆ ಬಿಸಿಗೆ ರಾಳ ಮೆದುವಾಗಿ ತೂತು ಕೆಡುತ್ತದೆ. ಪಾರದರ್ಶಕ ದಿಂಡಿನಲ್ಲಿ ಹಿತ್ತಾಳೆಯು ಹೊರಗೆ ಕಾಣುವುದರಿಂದ ಕೊಳವೆಗೆ ಮೊದಲೇ ದಿಂಡಿಗೊಪ್ಪುವ ಬಣ್ಣವನ್ನು ಬಳಿದಿರಬೇಕು. ಕಡೆಯುವಾಗ ಉಳಿಯ ಬಾಯಿ ಹರಿತ, ಕೈಯ ಒತ್ತು ಹಗುರ. ಮರಳುಕಾಗದವನ್ನು 400ರಿಂದ ಮೊದಲುಮಾಡಿ 2000ದವರೆಗೆ, ನೀರು ಮುಟ್ಟಿಸಿ ಉಜ್ಜಿದರೆ ಧೂಳೂ ಏಳುವುದಿಲ್ಲ, ಮೆರುಗೂ ಏರುತ್ತದೆ. ಸ್ವಂತ ಲೇತ್ ಇಲ್ಲದವರು ಚಿಂತಿಸಬೇಕಾಗಿಲ್ಲ. ಎರಕವನ್ನು ಮನೆಯಲ್ಲಿ ಮಾಡಿ ಕಡೆತವನ್ನು ಊರಿನ ಕಡೆತದವರಿಂದ ಮಾಡಿಸಿಕೊಳ್ಳಬಹುದು.

ಮಹನೀಯರೇ, ಇದರಿಂದ ಯಾರೂ ಸಿರಿವಂತರಾಗುವುದಿಲ್ಲ. ಅಂಗಡಿಯಲ್ಲಿ ಹತ್ತು ರೂಪಾಯಿಗೆ ಪೆನ್ನು ಸಿಗುವಾಗ ಈ ಶ್ರಮವೇಕೆಂದು ಕೇಳುವವರಿದ್ದಾರೆ. ಪ್ರಶ್ನೆ ಸಾಧುವಾದುದೇ. ಮಸಿ ತೀರಿದೊಡನೆ ಎಸೆಯುವ ಪೆನ್ನು ಬರೆಹವನ್ನು ಕೊಟ್ಟೀತು. ತಾನು ತೂಗಿ, ಎರೆದು, ಒಂದು ವಾರ ಕಾದು ಪಡೆದ ಪೆನ್ನು ಬರೆಹದ ಮೇಲೆ ಅಕ್ಕರೆಯನ್ನೂ ಕೊಡುತ್ತದೆ. ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯ ಚಿಂತೆಯನ್ನು ನಾವು ಪ್ರತಿ ಸಭೆಯಲ್ಲಿಯೂ ಆಡುತ್ತೇವೆ. ಕನ್ನಡವು ಕವಿತೆಗೆ ಮಾತ್ರ, ವಿಜ್ಞಾನಕ್ಕೂ ಕೆಲಸಕ್ಕೂ ಬೇರೆ ಭಾಷೆ ಎಂಬ ಭಾವನೆ ಮಗುವಿನಲ್ಲಿ ಬೇರೂರಿದರೆ ಆ ಚಿಂತೆಯು ತೀರುವಂತಹುದಲ್ಲ. ನಾನು ಈವರೆಗೆ ಆಡಿದ ಮಾತುಗಳನ್ನೇ ನೋಡಿರಿ: ಎರಕ, ಅಚ್ಚು, ಹದ, ಪಾಕ, ದಿಂಡು, ಮೆರುಗು. ಇವು ಯಾವುವೂ ನಿಘಂಟನ್ನು ಹುಡುಕಿ ತಂದವುಗಳಲ್ಲ. ನಮ್ಮ ಕಮ್ಮಾರಸಾಲೆಯಲ್ಲಿಯೂ ಅಡುಗೆಮನೆಯಲ್ಲಿಯೂ ಇದ್ದವು. ಎಪಾಕ್ಸಿ, ಸಿಲಿಕೋನ್ ಎಂಬ ಹೆಸರುಗಳು ಅವುಗಳ ಪಕ್ಕದಲ್ಲಿ ನೆಂಟರಂತೆ ಕುಳಿತರೆ ನಮಗೆ ನಷ್ಟವೇನೂ ಇಲ್ಲ.

ಆದುದರಿಂದ ನನ್ನ ಸೂಚನೆಯು ಎರಡೇ. ಒಂದು, ಸಂಘವು ಬರುವ ಒಣ ದಿನಗಳಲ್ಲಿ ಪ್ರೌಢಶಾಲೆಯ ಮಕ್ಕಳಿಗೂ ಅವರ ತಂದೆತಾಯಂದಿರಿಗೂ ಒಟ್ಟಾಗಿ ಎರಡು ದಿನದ ಎರಕದ ಶಿಬಿರವನ್ನು ನಡೆಸಲಿ. ಹಿರಿಯರ ಕಣ್ಗಾವಲಿಲ್ಲದೆ ಮಕ್ಕಳು ರಾಳವನ್ನು ಮುಟ್ಟದಿರಲಿ. ಎರಡು, ರಾಳವಾಗಲಿ, ತೋಟಕ್ಕೆ ಸಿಂಪಡಿಸುವ ಔಷಧವಾಗಲಿ, ಬಣ್ಣದ ಡಬ್ಬಿಯಾಗಲಿ, ಮನೆಗೆ ಬಂದ ಪ್ರತಿಯೊಂದು ಅಪಾಯದ ಸೀಸೆಗೂ ಕನ್ನಡದ ಚೀಟಿಯೊಂದನ್ನು ನಮ್ಮ ಮಕ್ಕಳ ಕೈಯಿಂದಲೇ ಬರೆಯಿಸಿ ಅಂಟಿಸೋಣ. ಶಿಬಿರಕ್ಕೆ ಒಂದು ತಿಂಗಳು ಬೇಕಾದೀತು. ಚೀಟಿಯನ್ನು ಇಂದು ರಾತ್ರಿಯೇ ಬರೆಯಬಹುದು.